ಹದಿನಾಲ್ಕನೇ ಮಹಡಿಯ ಒರಳುಕಲ್ಲು: ಉತ್ತರ ಬೆಂಗಳೂರಿನ ಗೃಹಾಲಂಕಾರ ಸಂಕಥನದ ತಾತ್ವಿಕ ನೆಲೆಗಳು

ಅಧ್ಯಾಯ ಒಂದು: ವ್ಯಾಪ್ತಿ ಮತ್ತು ಮಿತಿ

ದಕ್ಷಿಣಕ್ಕೆ ಆರ್.ಟಿ. ನಗರ, ಉತ್ತರಕ್ಕೆ ಯಲಹಂಕ, ಪಡುವಣಕ್ಕೆ ಯಶವಂತಪುರ, ಮೂಡಣಕ್ಕೆ ಥಣಿಸಂದ್ರ ರಸ್ತೆಯ ಟ್ರಾಫಿಕ್ಕು. ಈ ಚತುಸ್ಸೀಮೆಯೊಳಗಿನ ಹಾಲ್‌ಗಳಲ್ಲಿ ಗೋಡೆಗೆ ತೂಗುಹಾಕಿದ, ಮೂಲೆಗೆ ನಿಲ್ಲಿಸಿದ, ಟೀಪಾಯಿಯ ಮೇಲೆ ಕೂರಿಸಿದ ಹಾಗೂ ಮಕ್ಕಳ ಕೈಗೆ ಸಿಗದಂತೆ ಎತ್ತರಕ್ಕೆ ಏರಿಸಿದ ಸಮಸ್ತ ವಸ್ತುಗಳನ್ನು 'ಅಲಂಕಾರಪಠ್ಯ'ಗಳೆಂದು ಪರಿಭಾವಿಸಿ, ಅವುಗಳ ತಾತ್ವಿಕ ನೆಲೆಗಳನ್ನು ಅನುಸಂಧಾನಕ್ಕೆ ಒಳಪಡಿಸುವುದು ಪ್ರಸ್ತುತ ಅಧ್ಯಯನದ ಉದ್ದೇಶ. ಅನುಸಂಧಾನಕ್ಕೆ ಒಳಪಡಿಸುವುದೆಂದರೆ ಸೋಫಾದ ಮೇಲೆ ಕೂತು, ಕೊಟ್ಟ ಕಾಫಿ ಕುಡಿಯುತ್ತ, ಸುತ್ತ ಕಣ್ಣಾಡಿಸುವುದು. ಬೆಡ್‌ರೂಮುಗಳನ್ನು ಅಧ್ಯಯನಕ್ಕೆ ಪರಿಗಣಿಸಿಲ್ಲ, ಒಳಗೆ ಬಿಡಲಿಲ್ಲ.

ಇಂಥ ಅಧ್ಯಯನದ ಅಗತ್ಯವೇನೆಂದು ಕೇಳಬಹುದು. ಹೊಸ ಫ್ಲ್ಯಾಟಿನ ಬೀಗದ ಕೈ ಸಿಕ್ಕ ವಾರದಲ್ಲೇ ಮನೆಗೆ ಬಂದು, ಲ್ಯಾಪ್‌ಟಾಪ್ ತೆರೆದು, "ಸರ್, ನಿಮ್ಮ ಮನೆ ನಿಮ್ಮ ಕಥೆ ಹೇಳ್ಬೇಕು" ಎಂದು ಶುರುಮಾಡುವ ಇಂಟೀರಿಯರ್ ಕನ್ಸಲ್ಟೆಂಟನ್ನು ಒಮ್ಮೆಯಾದರೂ ಎದುರಿಸಿದವರು ಈ ಪ್ರಶ್ನೆ ಕೇಳುವುದಿಲ್ಲ. "ಈ ವಾಲ್ ಮಾತಾಡ್ತಾನೇ ಇಲ್ಲ ಮೇಡಂ" ಎಂದು ಆತ ಮರುಗುತ್ತಾನೆ. ಪಕ್ಕದ ಫ್ಲ್ಯಾಟಿನ ಗೋಡೆ ರಾತ್ರಿ ಹನ್ನೊಂದರವರೆಗೆ ಟಿವಿಯ ಧ್ವನಿಯಲ್ಲಿ ಮಾತಾಡುತ್ತಿರುವುದರಿಂದ ನಮ್ಮ ಗೋಡೆಯಾದರೂ ಬಾಯಿ ಮುಚ್ಚಿಕೊಂಡಿರಲಿ ಎಂಬ ಮನೆಯವರ ಅಹವಾಲು ಅವನ ಸ್ಲೈಡಿನಲ್ಲಿ ಎಲ್ಲಿಯೂ ಕೂರುವುದಿಲ್ಲ. ಇತ್ತ ವಿಶ್ವವಿದ್ಯಾಲಯದ ವಿಚಾರ ಸಂಕಿರಣಕ್ಕೆ ಹೋದರೆ ಅಲ್ಲಿ 'ಅಸ್ಮಿತೆಯ ಪಲ್ಲಟ', 'ಯಜಮಾನಿಕೆಯ ಮರುಓದು'. ಎರಡೂ ಭಾಷೆಗಳನ್ನು ಒಂದೇ ವಾರದಲ್ಲಿ ಸಹಿಸಿಕೊಂಡ ಪ್ರಬಂಧಕಾರನಿಗೆ ಅವೆರಡಕ್ಕೂ ಮದುವೆ ಮಾಡಿಸಿಬಿಡುವುದೇ ಸರಿಯೆನಿಸಿತು. ಅದರ ಸಂತಾನವೇ ಈ ಪ್ರಬಂಧ.

ಅಧ್ಯಾಯ ಎರಡು: ಪೂರ್ವಸೂರಿಗಳು

ಕನ್ನಡದಲ್ಲಿ ಗೃಹಶಾಸ್ತ್ರಕ್ಕೆ ಪರಂಪರೆ ಇಲ್ಲವೆಂದು ಯಾರೂ ತಿಳಿಯಬಾರದು. ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವಾಸ್ತುವಿದೆ, ಅಡುಗೆಯಿದೆ, ಸುಗಂಧವಿದೆ, ಗಿಡಮರಗಳ ಆರೈಕೆಯಿದೆ. ನೆಲದಡಿಯ ನೀರನ್ನು ಎಲ್ಲಿ ಹುಡುಕಬೇಕೆಂಬುದೂ ಇದೆ. ಮನೆಯ ಬಗ್ಗೆ ಬಾಯಿಬಿಡುವವನು ನೀರಿನ ಬಗ್ಗೆಯೂ ಹೇಳಬೇಕೆಂಬ ಹೊಣೆ ಆ ಕಾಲಕ್ಕಿತ್ತು. ಈಗ ಟ್ಯಾಂಕರ್ ನೀರಿಗೆ ಕಾದಿರುವ ಕಟ್ಟಡದಲ್ಲಿ ಕೂತು 'ವಾಟರ್ ಎಲಿಮೆಂಟ್' ಎಂದು ಗೋಡೆಗೆ ಪ್ಲಾಸ್ಟಿಕ್ ಕಾರಂಜಿ ಹೊಂದಿಸುತ್ತಾರೆ.

ಚಾವುಂಡರಾಯನಿಗಿಂತ ಸುಮಾರು ನೂರು ವರ್ಷ ಈಚೆಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ವನ್ನು ಬರೆದ. ಐದು ವಿಂಶತಿ, ಒಂದೊಂದರಲ್ಲೂ ಇಪ್ಪತ್ತು, ಒಟ್ಟು ನೂರು ಅಧ್ಯಾಯ. ಅವುಗಳಲ್ಲಿ ಒಂದು ವಿಂಶತಿ ಪೂರ್ತಿ ಉಪಭೋಗಗಳಿಗೇ ಮೀಸಲು: ಮನೆ, ಆಸನ, ಹಾಸಿಗೆ ಹೀಗೆ. ರಾಜ್ಯವಾಳುತ್ತಿದ್ದವನು ಭೋಗವನ್ನು ಇಪ್ಪತ್ತಕ್ಕೆ ನಿಲ್ಲಿಸಿದ. ಈಗಿನ ಕೊಟೇಶನ್ನಿನಲ್ಲಿ ಟಿವಿ ಯೂನಿಟ್ ಒಂದಕ್ಕೇ ಅದಕ್ಕಿಂತ ಹೆಚ್ಚು ಸಾಲು.

ಪರದೇಶದ ಪೂರ್ವಸೂರಿಗಳಲ್ಲಿ ಫ್ರಾನ್ಸಿನ ದಿದೆರೋ ಒಬ್ಬ ಸಾಕು. ಹಳೆಯ ನಿಲುವಂಗಿಯನ್ನು ಬಿಟ್ಟುಕೊಟ್ಟದ್ದಕ್ಕೆ ಪಶ್ಚಾತ್ತಾಪಪಟ್ಟು ಅವನು 1769ರಲ್ಲಿ ಒಂದು ಪ್ರಬಂಧ ಬರೆದ. ಹೊಸ ಕೆಂಪು ನಿಲುವಂಗಿ ಬಂತು. ಅದರ ಮುಂದೆ ಹಳೆ ಕುರ್ಚಿ ಕಳೆಗೆಟ್ಟಿತು, ಕುರ್ಚಿ ಹೋಗಿ ಚರ್ಮದ್ದು ಬಂತು. ಆಮೇಲೆ ಮೇಜು, ಗೋಡೆಯ ಚಿತ್ರ, ಒಂದಾದ ಮೇಲೊಂದು. ಸಹಕಾರನಗರದ ಒಬ್ಬ ಗೃಹಸ್ಥರಿಗೆ ಇದನ್ನು ವಿವರಿಸಿದಾಗ ಅವರು ನಿಟ್ಟುಸಿರು ಬಿಟ್ಟು, "ನಮ್ಮನೇಲಿ ಅದು ಬರೀ ಕುಶನ್ ಕವರ್‌ನಿಂದ ಶುರುವಾಯ್ತು" ಎಂದರು.

ಅಧ್ಯಾಯ ಮೂರು: ವರ್ಗೀಕರಣ

ಅಲಂಕಾರಪಠ್ಯಗಳು ಪಂಚವಿಧ: ಊರ್ಧ್ವಾಲಂಕಾರ, ಭಿತ್ತ್ಯಲಂಕಾರ, ಶಿರೋಲಂಕಾರ, ಗಂಧಾಲಂಕಾರ ಮತ್ತು ಅವಶೇಷಾಲಂಕಾರ. ಇವುಗಳಲ್ಲಿ ಪ್ರತಿಯೊಂದೂ ಸಸಾಲ, ನಿಸ್ಸಾಲ ಎಂದು ಎರಡು ಬಗೆ. ಸಸಾಲವೆಂದರೆ ಇಎಂಐ ಇರುವಂಥದ್ದು. ಸಸಾಲವು ಮತ್ತೆ ಸವಾರಂಟಿ, ನಿರ್ವಾರಂಟಿ ಎಂದು ಎರಡಾಗಿ ಕವಲೊಡೆಯುತ್ತದೆ. ನಿರ್ವಾರಂಟಿಯ ಲಕ್ಷಣವನ್ನು ಮಳೆಗಾಲದಲ್ಲಿ ನೋಡಬೇಕು.

ಊರ್ಧ್ವಾಲಂಕಾರ, ಅರ್ಥಾತ್ ಫಾಲ್ಸ್ ಸೀಲಿಂಗು. ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ, ಅಂದರೆ ಒಂಬತ್ತು ಅಡಿ. ಬಿಲ್ಡರು ಅದರ ಆಸುಪಾಸಿನಲ್ಲಿ ಕಟ್ಟಿಕೊಡುತ್ತಾನೆ. ಮನೆ ಕೊಂಡವನು ತನ್ನದೇ ಖರ್ಚಿನಲ್ಲಿ ಅದನ್ನು ತಗ್ಗಿಸಿಕೊಳ್ಳುತ್ತಾನೆ: ತಗಡಿನ ಚಾನಲ್ಲುಗಳನ್ನು ಇಳಿಬಿಟ್ಟು, ಅದಕ್ಕೆ 12.5 ಮಿ.ಮೀ. ದಪ್ಪದ ಜಿಪ್ಸಮ್ ಹಲಗೆ ಬಡಿದು, ಸಂದಿಗೆ ಟೇಪು ಮೆತ್ತಿ, ಅಂಚಿನೊಳಗೆ ಹಳದಿ ದೀಪ ಹುದುಗಿಸಿ. ಎತ್ತರದ ಅನುಭವವನ್ನು ಕೊಡಲೆಂದು ಎತ್ತರವನ್ನು ಕಡಿಮೆ ಮಾಡುವ ಈ ದ್ವಂದ್ವಾತ್ಮಕ ಪ್ರಕ್ರಿಯೆಯನ್ನು ಶಾಸ್ತ್ರದಲ್ಲಿ 'ಕೋವ್ ಲೈಟಿಂಗ್' ಎನ್ನುತ್ತಾರೆ. ಮೇಲಿನ ಫ್ಲ್ಯಾಟಿನ ಬಾತ್‌ರೂಮು ಸೋರಿದ ದಿನ ಈ ಆಗಸದಲ್ಲಿ ಕಂದುಬಣ್ಣದ ಒಂದು ಖಂಡ ಮೂಡುತ್ತದೆ. ಮೊದಲು ಆಫ್ರಿಕಾದಂತಿರುತ್ತದೆ, ಅಸೋಸಿಯೇಷನ್ನಿನವರು ಬಂದು ನೋಡುವ ಹೊತ್ತಿಗೆ ಏಷ್ಯಾ ಆಗಿರುತ್ತದೆ.

ಭಿತ್ತ್ಯಲಂಕಾರದ ಇತಿಹಾಸಕ್ಕೆ ಆರ್.ಟಿ. ನಗರಕ್ಕೆ ಹೋಗಬೇಕು. ರವೀಂದ್ರನಾಥ ಟ್ಯಾಗೋರರ ಹೆಸರಿನ ಈ ಬಡಾವಣೆಯ ಹಳೆಯ ಮನೆಗಳಲ್ಲಿ ಗೋಡೆಯೊಳಗೇ ಕೂರಿಸಿದ ಷೋಕೇಸು ಇನ್ನೂ ಉಳಿದಿದೆ. ಜಾರುವ ಗಾಜಿನ ಬಾಗಿಲು, ಹಿಂದೆ ಕನ್ನಡಿ, ಮಧ್ಯದಲ್ಲಿ ಪ್ಲಾಸ್ಟಿಕ್ ತಾಜಮಹಲು. ಅದರ ಎಡಕ್ಕೆ ಹಿರಿಮಗಳು ರಜೆಯಲ್ಲಿ ಪೋಣಿಸಿದ ಮಣಿಗಿಳಿ, ಬಲಕ್ಕೆ ರಾಮೇಶ್ವರದಿಂದ ತಂದ ಕಪ್ಪೆಚಿಪ್ಪಿನ ಗಣಪತಿ, ಶಾಲೆಯ ಕಬಡ್ಡಿ ಕಪ್ಪು, ಚನ್ನಪಟ್ಟಣದ ಮೇಳದವರು, ಯಾರೋ ಗೃಹಪ್ರವೇಶಕ್ಕೆ ಕೊಟ್ಟು ಇನ್ನೂ ಡಬ್ಬಿಯಿಂದ ತೆಗೆಯದ ಟೀ ಸೆಟ್ಟು. ಮೇಲೆ ಗೋಡೆಗೆ ಎಚ್‌ಎಂಟಿ ಗಡಿಯಾರ. ಅದೂ ಹೊರಗಿನದಲ್ಲ: ಜಾಲಹಳ್ಳಿಯಲ್ಲಿ ಎಚ್‌ಎಂಟಿ ಸ್ಥಾಪನೆಯಾದದ್ದು 1953ರಲ್ಲಿ, ಕೈಗಡಿಯಾರ ಮಾಡತೊಡಗಿದ್ದು 1961ರಲ್ಲಿ, ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಈ ಷೋಕೇಸಿನಲ್ಲಿ ಯಾವ ಎರಡು ವಸ್ತುವಿಗೂ ಬಣ್ಣದ ಹೊಂದಾಣಿಕೆಯಿಲ್ಲ. ಆದರೆ ಯಾವುದನ್ನು ಬೆರಳಿಟ್ಟು ಕೇಳಿದರೂ ಮನೆಯೊಡತಿ ಅರ್ಧ ಗಂಟೆ ಹೇಳುತ್ತಾರೆ. 'ಮನೆ ಕಥೆ ಹೇಳ್ಬೇಕು' ಎನ್ನುವ ಕನ್ಸಲ್ಟೆಂಟು ಇದನ್ನು ಕಂಡೊಡನೆ ಮಾಡುವ ಮೊದಲ ಶಿಫಾರಸು, ಷೋಕೇಸು ಒಡೆಸಿ ಫ್ಲೂಟೆಡ್ ಪ್ಯಾನಲ್ ಹಾಕಿಸುವುದು.

ಮೂರನೆಯದು ಶಿರೋಲಂಕಾರ. ಯಲಹಂಕದಿಂದ ಹೆಬ್ಬಾಳದವರೆಗಿನ ಹಾಲ್‌ಗಳಲ್ಲಿ ಬುದ್ಧನ ತಲೆ ಕಾಣದ ಮನೆ ವಿರಳ. ಸಾವಿಲ್ಲದ ಮನೆಯ ಸಾಸಿವೆ ತಾರೆಂದು ಕಳುಹಿಸಿದವನು ಈಗ ತಾನಿಲ್ಲದ ಮನೆಯ ಸಾಸಿವೆ ಹುಡುಕಬೇಕು. ತಲೆ ಮಾತ್ರ ಏಕೆ, ಮೈ ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ಅಲಂಕಾರಶಾಸ್ತ್ರ ಎತ್ತುವುದಿಲ್ಲ. ಉತ್ತರವಿರುವುದು ಜಾವಾದ ಬೊರೊಬುದೂರಿನಲ್ಲಿ. ಅಲ್ಲಿನ 504 ಬುದ್ಧ ವಿಗ್ರಹಗಳಲ್ಲಿ 300ಕ್ಕೂ ಹೆಚ್ಚು ಭಗ್ನವಾಗಿವೆ, ಬಹುಪಾಲು ತಲೆಯಿಲ್ಲದವು. ಸಾಗಿಸಲು ಹಗುರ, ಮಾರಲು ಸುಲಭ ಎಂದು ಕಡಿದೊಯ್ದ ತಲೆಗಳು ದೇಶದೇಶಗಳ ಸಂಗ್ರಹಾಲಯಗಳಿಗೂ ಸಿರಿವಂತರ ದಿವಾನಖಾನೆಗಳಿಗೂ ಸೇರಿದವು. ನೋಡುವವರ ಕಣ್ಣು ತಲೆಗಷ್ಟೇ ಒಗ್ಗಿತು. ಈಗ ಫೈಬರಿನಲ್ಲಿ ಎರಕ ಹೊಯ್ಯುವವನೂ ಕುತ್ತಿಗೆಯ ತನಕ ಬಂದು ನಿಲ್ಲಿಸುತ್ತಾನೆ. ಕಳ್ಳತನವೊಂದು ಶೈಲಿಯಾಗಿ ನೆಲೆಗೊಂಡ ಬಗೆ ಇದು. ಇದಕ್ಕೆ ಇಂಟೀರಿಯರ್ ಭಾಷೆಯಲ್ಲಿ 'ಜೆನ್ ಕಾರ್ನರ್'.

ಗಂಧಾಲಂಕಾರವನ್ನು ಬೇಗ ಮುಗಿಸಬಹುದು. ಯಶವಂತಪುರದ ಮಗ್ಗುಲಲ್ಲೇ ಸರ್ಕಾರಿ ಸಾಬೂನು ಕಾರ್ಖಾನೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರ ಗಂಧದೆಣ್ಣೆಯಿಂದ ಶುರುವಾದ ವ್ಯವಹಾರ ಅದು. ಮೆಟ್ರೊ ನಿಲ್ದಾಣಕ್ಕೂ ಅದರದೇ ಹೆಸರು. ಇಷ್ಟು ಹತ್ತಿರದಲ್ಲಿದ್ದುಕೊಂಡು, ಬಾಟಲಿಗೆ ಕಡ್ಡಿ ಅದ್ದಿಟ್ಟ ಪರದೇಶಿ 'ಸ್ಯಾಂಡಲ್‌ವುಡ್' ಪರಿಮಳಕ್ಕೆ ದುಡ್ಡು ಕೊಡುವವರ ಬಗ್ಗೆ ಬರೆಯಲು ಏನಿದೆ?

ಇಲ್ಲಿಗೆ ವರ್ಗೀಕರಣವನ್ನೂ ಬಿಡಬಹುದು. ಸಸಾಲ, ನಿಸ್ಸಾಲ ಎಂದು ಇನ್ನೂ ಎಷ್ಟು ಎಳೆಯುವುದು? ಐಕಿಯಾ ಇದೆ, 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ತೆರೆದಾಗ ಮೊದಲ ವಾರಾಂತ್ಯಕ್ಕೇ ಗಂಟೆಗಟ್ಟಲೆ ಸರತಿ. ಮನಿ ಪ್ಲಾಂಟ್ ಇದೆ, ದಕ್ಷಿಣ ಪೆಸಿಫಿಕ್ಕಿನ ಮೊರಿಯಾ ದ್ವೀಪದಿಂದ ಹೊರಟು ಕೊಡಿಗೇಹಳ್ಳಿಯ ಖಾಲಿ ಬಾಟಲಿಗೆ ಬಂದದ್ದು. ಇವೆಲ್ಲ ತಮಾಷೆಗೆ ಸಾಕು.

ತಮಾಷೆಯಲ್ಲದ್ದು ಒಂದಿದೆ. ಫಾಲ್ಸ್ ಸೀಲಿಂಗು, ವಾರ್ಡ್‌ರೋಬು, ಪ್ಯಾನಲ್ಲು ಇವನ್ನೆಲ್ಲ ಮಾಡುವ ಹುಡುಗರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಬಂಗಾಳದಿಂದ ಬಂದವರು. ಬಾಲ್ಕನಿಯಲ್ಲಿ ಕಟ್ಟರ್ ಇಟ್ಟುಕೊಂಡು ಎಂಡಿಎಫ್ ಹಲಗೆ ಕೊಯ್ಯುತ್ತಾರೆ. ಮೂಗಿಗೆ ಕರ್ಚೀಫು, ರೆಪ್ಪೆಯ ಮೇಲೆ ಗೋದಿಹಿಟ್ಟಿನಂತೆ ಪುಡಿ. ಆ ಹಲಗೆಯನ್ನು ಅಂಟಿಸಿರುವುದು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುವ ಅಂಟಿನಿಂದ. ಫಾರ್ಮಾಲ್ಡಿಹೈಡೂ ಮರದ ಧೂಳೂ ಮನುಷ್ಯರಿಗೆ ಕ್ಯಾನ್ಸರ್ ತರುವಂಥವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಮೊದಲನೆಯ ಗುಂಪಿಗೆ ಸೇರಿಸಿ ವರ್ಷಗಳಾದವು. ಮನೆಯೊಡೆಯರು 'ವಾಸನೆ ಹೋಗ್ಲಿ' ಎಂದು ಗೃಹಪ್ರವೇಶವನ್ನು ಒಂದು ತಿಂಗಳು ಮುಂದೂಡುತ್ತಾರೆ. ಆ ಹುಡುಗರು ಕೆಲಸ ಮುಗಿಯುವ ತನಕ ರಾತ್ರಿ ಅಲ್ಲೇ, ಅದೇ ಪುಡಿಯ ನಡುವೆ ಚಾಪೆ ಬಿಡಿಸಿ ಮಲಗುತ್ತಾರೆ. ಹಾಲ್‌ನ ಕಂಪನಗಳ ಬಗ್ಗೆ, ಎನರ್ಜಿಯ ಹರಿವಿನ ಬಗ್ಗೆ ತಾಸುಗಟ್ಟಲೆ ಮಾತಾಡುವ ಬಾಯಿಗೆ ಅವರಿಗೊಂದು ಸರಿಯಾದ ಮಾಸ್ಕು ಕೊಡಿಸಿ ಎನ್ನಲು ಬರುವುದಿಲ್ಲ. ಮೂಡ್ ಬೋರ್ಡಿನಲ್ಲಿ ಅದಕ್ಕೆ ಚೌಕವಿಲ್ಲ.

ಉಳಿದದ್ದು ಅವಶೇಷ. ಪ್ರಬಂಧ ಬರೆಯಲು ಹೊರಟದ್ದೇ ಇದಕ್ಕೆ.

ಹೊರವಲಯದ ರೆಸಾರ್ಟಿನಲ್ಲಿ ಶುರುವಾಗಿ ವಿಲ್ಲಾಗಳಿಗೆ, ಅಲ್ಲಿಂದ ಫ್ಲ್ಯಾಟುಗಳಿಗೆ ಹಬ್ಬಿದ ಹೊಸ ಶೋಕಿಯ ಹೆಸರು 'ರಸ್ಟಿಕ್'. ಎತ್ತಿನ ಗಾಡಿಯ ಚಕ್ರವನ್ನು ಮಲಗಿಸಿ, ಸರಪಳಿ ಕಟ್ಟಿ, ಬಲ್ಬುಗಳನ್ನು ಜೋಡಿಸಿದರೆ ತೂಗುದೀಪ. ನೊಗವನ್ನು ಗೋಡೆಗೆ ಅಡ್ಡ ಬಡಿದರೆ ಬ್ಯಾಗು ನೇತುಹಾಕುವ ಗೂಟ. ಹಿತ್ತಾಳೆ ಕಟ್ಟಿನ ಸೇರು, ಪಾವು, ಚಟಾಕುಗಳಲ್ಲಿ ಪೆನ್ನು, ಸ್ಪೂನು, ಕ್ಯಾಕ್ಟಸ್ಸು. ಹಿತ್ತಾಳೆ ಹಂಡೆಯೊಳಗೆ ಛತ್ರಿ. ಬೀಸುವ ಕಲ್ಲಿನ ಮೇಲೆ ಗಾಜು ಕೂರಿಸಿದರೆ ಟೀಪಾಯಿ. ಒರಳಿನಲ್ಲಿ ನೀರು ತುಂಬಿ, ಗುಲಾಬಿ ಎಸಳು ಉದುರಿಸಿ, ತೇಲುವ ಮೇಣದ ದೀಪ ಬಿಟ್ಟರೆ ಅದು 'ಫೋಯರ್ ಆಕ್ಸೆಂಟ್'.

ನೋಟಕ್ಕೆಂದೇ ಹುಟ್ಟಿದ ವಸ್ತುಗಳು ಈ ನಾಡಿನಲ್ಲಿ ಇಲ್ಲದೆ ಹೋಗಿದ್ದರೆ ಇದನ್ನು ಒಪ್ಪಬಹುದಿತ್ತು. ಹಾಲೆ ಮರವನ್ನು ತಿರುಗಣಿಗೆ ಕೊಟ್ಟು ಅರಗಿನ ಬಣ್ಣ ಹಿಡಿಸುವ ಚನ್ನಪಟ್ಟಣವಿದೆ. ಸತು ತಾಮ್ರದ ಎರಕಕ್ಕೆ ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬರಿಸುವ ಬೀದರ್ ಇದೆ. ಕಿನ್ನಾಳದ ಗೊಂಬೆ, ನವಲಗುಂದದ ಜಮಖಾನ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಕಲ್ಲಿನ ವಿಗ್ರಹ ಎಲ್ಲವೂ ಇವೆ. ಮಾಡುವವರು ಬದುಕಿದ್ದಾರೆ, ಕೊಳ್ಳುವವರನ್ನು ಕಾಯುತ್ತಿದ್ದಾರೆ. ಅವರನ್ನು ಬಿಟ್ಟು ಸತ್ತ ಕಸುಬಿನ ಸಾಮಾನನ್ನೇ ಗೋಡೆಗೆ ಏರಿಸಬೇಕೆಂಬ ಹಟ ಯಾಕೆ?

ಆ ಕಸುಬು ಸತ್ತದ್ದು ಎಲ್ಲಿ ಎಂಬುದನ್ನು ನೋಡಿದರೆ ಮೈ ಉರಿಯುತ್ತದೆ. ಹೆಬ್ಬಾಳದಲ್ಲಿ 1899ರಲ್ಲೇ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಡಾ. ಲೇಮನ್ನರ ಕೃಷಿ ಪ್ರಯೋಗಗಳು ಶುರುವಾದವು. ಮುಂದೆ 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು. ಸುತ್ತಲಿನ ಊರುಗಳಲ್ಲಿ ರಾಗಿ, ಅವರೆ, ತರಕಾರಿ, ದ್ರಾಕ್ಷಿ. ಅರ್ಕಾವತಿ ಬಡಾವಣೆಗೆಂದು 2003–04ರಲ್ಲಿ ಬಿಡಿಎ ಗುರುತು ಹಾಕಿದ್ದು ಥಣಿಸಂದ್ರ, ಜಕ್ಕೂರು, ರಾಚೇನಹಳ್ಳಿ, ಸಂಪಿಗೆಹಳ್ಳಿ, ಅಮೃತಹಳ್ಳಿ ಸೇರಿ 16 ಹಳ್ಳಿಗಳ ಜಮೀನಿಗೆ. ಕೋರ್ಟು, ಡಿನೋಟಿಫಿಕೇಷನ್ನು, ಸೈಟು ಸಿಗದವರ ಅಲೆದಾಟ ಎಲ್ಲ ಆಯಿತು. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ 2008ರ ಮೇನಲ್ಲಿ ತೆರೆಯಿತು. ದಾರಿಯುದ್ದಕ್ಕೂ ಎಕರೆಯ ಮಾತು ಹೋಗಿ ಚದರಡಿಯ ಮಾತು ಬಂತು. ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು, ಕೊನೆಗೆ 2025ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. ಉಳಿದವರು ಕೂರಲಿಲ್ಲ, ಅಥವಾ ಕೂತರೂ ಆಗಲಿಲ್ಲ. ಹೊಲ ಹೋಯಿತು. ಹೊಲ ಹೋದ ಮೇಲೆ ಎತ್ತು ಹೋಯಿತು, ಗಾಡಿ ಹಿತ್ತಲಿನಲ್ಲಿ ಗೆದ್ದಲು ಹಿಡಿಯಿತು, ಕೀಲೆಣ್ಣೆ ಕಾಣದ ಚಕ್ರ ಗುಜರಿಗೆ ಹೋಯಿತು. ಗುಜರಿಯಿಂದ 'ಆಂಟಿಕ್' ಅಂಗಡಿಗೆ, ಅಲ್ಲಿಂದ ಅದೇ ಹೊಲದ ಮೇಲೆದ್ದ ಕಟ್ಟಡದ ಲಿಫ್ಟಿಗೆ. ಯಲಹಂಕದಲ್ಲಿ 1984ರಿಂದ ರೈಲಿಗೆ ಗಾಲಿ ಎರಕ ಹೊಯ್ಯುತ್ತಿದ್ದಾರೆ. ಅವು ದೇಶ ಸುತ್ತುತ್ತವೆ. ಪಕ್ಕದ ಊರಿನ ಗಾಡಿಯ ಗಾಲಿ ಬೆಡಗಿನ ಹಾಲ್‌ನಲ್ಲಿ ಗೋಣು ಮುರಿದು ನೇತಾಡುತ್ತದೆ.

ಹಳೆಯದನ್ನು ಉಳಿಸಿಕೊಳ್ಳುವ ದಾರಿಯೇ ಇಲ್ಲವೆಂದಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಊರಿಗಾಗಿ ಹೋರಾಡಿ ಬಿದ್ದ ಕಿತ್ತಯ್ಯನ ಹೆಸರು ಅದರ ಮೇಲಿದೆ. ಊರವರೂ ಇತಿಹಾಸಾಸಕ್ತರೂ ಸೇರಿ ಹೆಬ್ಬಾಳದಲ್ಲೇ ಅದಕ್ಕೊಂದು ಮಂಟಪ ಕಟ್ಟಿದರು. ಯಾರದು, ಯಾವಾಗಿನದು, ಯಾಕೆ ನಿಂತಿದೆ ಎಂಬುದು ಹೋದವರಿಗೆ ತಿಳಿಯುತ್ತದೆ. ಒರಳಿಗೆ ಆ ಭಾಗ್ಯವಿಲ್ಲ. ಅದರಲ್ಲಿ ರುಬ್ಬಿದವಳ ಹೆಸರನ್ನು ಯಾರೂ ಕೆತ್ತಿರಲಿಲ್ಲ.

ಥಣಿಸಂದ್ರ ರಸ್ತೆಯ ಆಚೆಗಿನ ಒಂದು ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯಲ್ಲಿ ಇಂಥದೊಂದು ಒರಳು ಪ್ರತಿಷ್ಠಾಪನೆಯಾಗುವಾಗ ಪ್ರಬಂಧಕಾರ ಹಾಜರಿದ್ದ. ಜಮೀನು ಕೊಟ್ಟ ಕುಟುಂಬಕ್ಕೆ ಬಿಲ್ಡರಿನಿಂದ ಪಾಲಾಗಿ ಬಂದ ಫ್ಲ್ಯಾಟು ಅದು. ಮೊಮ್ಮಗ ಸಾಫ್ಟ್‌ವೇರಿನಲ್ಲಿದ್ದಾನೆ. ನಾಲ್ಕು ಜನ ಹಗ್ಗ ಹಾಕಿ, ಸರ್ವಿಸ್ ಲಿಫ್ಟಿನಲ್ಲಿ ತಂದು, ಬಾಗಿಲ ಬಳಿ ಗ್ರಾನೈಟಿನ ಮೇಲೆ ಇಳಿಸಿದರು. ಡಿಸೈನರು ಎರಡು ಹೆಜ್ಜೆ ಹಿಂದೆ ಸರಿದು, ಫೋನಿನಲ್ಲಿ ಚೌಕಟ್ಟು ನೋಡಿ, ತಲೆದೂಗಿದ. ಮನೆಯ ಅಜ್ಜಿ ಕೋಣೆಯಿಂದ ಬಂದು, ಮಂಡಿ ಹಿಡಿದು ಕುಕ್ಕುರುಗಾಲಲ್ಲಿ ಕೂತು, ಕುಳಿಯೊಳಗೆ ಕೈಯಿಟ್ಟರು. ಒಂದು ಮಗ್ಗುಲು ನುಣ್ಣಗೆ, ಇನ್ನೊಂದು ಮಗ್ಗುಲಿಗಿಂತ ಒಳಕ್ಕೆ ಸವೆದಿತ್ತು. ಹೆಬ್ಬೆರಳು ಅಲ್ಲೇ ಆಡಿತು.

"ಎಡಚಿ ರುಬ್ಬಿರೋ ಕಲ್ಲು ಇದು" ಎಂದರು.

"ಏನಮ್ಮ?" ಎಂದ ಡಿಸೈನರು.

"ಎಡಗೈಯವಳು ಕಣಪ್ಪ. ಈ ಕಡೀಕೆ ಒತ್ತವಳೆ ನೋಡು. ಎಲ್ಲಿಂದ ತಂದ್ರಿ?"

"ವೆಂಡರ್ ಕಳಿಸಿದ್ದಮ್ಮ. ಇದು ವಿಂಟೇಜ್ ಪೀಸ್."

"ಗುಂಡುಕಲ್ಲು ಎಲ್ಲಿ?"

"ಅದು ಬೇಡ ಅಂತ ಬಿಟ್ವಿ. ನೀರು ಹಾಕಿ ದೀಪ ಬಿಡೋಕೆ ಅಡ್ಡ ಬರುತ್ತೆ."

ಅಜ್ಜಿ ಎದ್ದು ಸೊಂಟ ಹಿಡಿದುಕೊಂಡರು. "ಗುಂಡಿಲ್ಲದ ಒರಳು ತಕ್ಕಂಡು ಏನ್ ಮಾಡೋದು? ಸಿಟ್ಟು ಬಂದ್ರೆ ಎತ್ತಿ ಹಾಕಕ್ಕೂ ಆಗಕಿಲ್ಲ" ಎಂದು ಮೊಮ್ಮಗನ ಕಡೆ ತಿರುಗಿ, "ತರಿಸು. ಉಗಾದಿಗೆ ಒಬ್ಬಟ್ಟಿನ ಹೂರಣ ಇದ್ರಲ್ಲೇ ರುಬ್ಬಿಸ್ತೀನಿ. ಮಿಕ್ಸೀಲಿ ಮಾಡಿದ್ದು ನನಗೆ ಸೇರಕಿಲ್ಲ" ಎಂದರು. ಗ್ರಾನೈಟಿಗೆ ಗೀರು ಬೀಳುತ್ತದೆಂದು ಸೊಸೆಯೂ, ಕೆಳಗಿನ ಮನೆಯವರಿಗೆ ಸದ್ದಾಗುತ್ತದೆಂದು ಮೊಮ್ಮಗನೂ ಹೇಳಿ ನೋಡಿದರು. ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಡಿಸೈನರು ಬದಿಗೆ ಹೋಗಿ ಫೋನು ಮಾಡಿ ಬಂದ. ಗುಂಡುಕಲ್ಲು ಗೋಡೌನಿನಲ್ಲೇ ಇದೆಯಂತೆ. ಆದರೆ ಅದನ್ನು ಬೇರೆ ಗಿರಾಕಿಗೆ ಡೋರ್ ಸ್ಟಾಪರ್ ಎಂದು ಹೇಳಿಯಾಗಿದೆ, ಬೇಕೇ ಬೇಕೆಂದರೆ ಪ್ರತ್ಯೇಕ ಬಿಲ್ಲು, ಜಿಎಸ್‌ಟಿ ಬೇರೆ.